ತನ್ನ ಉತ್ತರಕ್ಕೆ ತಾನೇ ಗೀಟು ಹಾಕಿದ ವಿಲಿಯಂ ಹರ್ಷೆಲ್

ಕಾಖಂಡಕಿ ಅಂದ್ರೆ ನಮ್ಮ ಕ್ಲಾಸಿನ ಬಹಳ ಮಂದಿಗೆ ನೆನಪಾಗೋದು ಎರಡೇ: ಕಾರ ಹುಣ್ಣಿಮೆಯ ಕರಿ, ಮಹಿಪತಿದಾಸರು. ನಮಗೆ ಮಾತ್ರ ಅಲ್ಲಿನ ಒಂದು ಮಾಳಿಗೆ ನೆನಪಾಗ್ತದೆ. ಡಿಸೆಂಬರ್ ರಜೆಯಲ್ಲಿ ಗೆಳೆಯನ ಮನೆಗೆ ಹೋಗಿದ್ವಿ. ರಾತ್ರಿ ಕರೆಂಟ್ ಹೋಯ್ತು, ಕಂಬಳಿ ಹೊದ್ದು ಮಾಳಿಗೆ ಮೇಲೆ ಮಲಗಿದ್ವಿ. ಜೋಳದ ಹೊಲದ ಮೇಲೆ ಓರಿಯನ್‌ನ ಮೂರು ಚುಕ್ಕಿ ಸಾಲಾಗಿ ಎದ್ದಿದ್ದವು. ಅವುಗಳ ಪಕ್ಕದಲ್ಲೇ ಒಂದು ಚುಕ್ಕಿ ಮಾತ್ರ ಚುಕ್ಕಿಯಂತಿರಲಿಲ್ಲ; ಕನ್ನಡಿ ಮೇಲೆ ಉಸಿರು ಬಿಟ್ಟಂತೆ ಮಬ್ಬು ಮಬ್ಬು. ಅದೇ ಓರಿಯನ್ ನೀಹಾರಿಕೆ. ಸುಮಾರು 1,300 ಜ್ಯೋತಿರ್ವರ್ಷ ದೂರದ ಆ ಮೋಡದಲ್ಲಿ ಇವತ್ತಿಗೂ ನಕ್ಷತ್ರಗಳು ಹುಟ್ಟುತ್ತಿವೆ.

1774ರ ಮಾರ್ಚ್‌ನಲ್ಲಿ ಇದೇ ಮಬ್ಬನ್ನು ತಾನೇ ಮಾಡಿದ ದುರ್ಬೀನಿನಲ್ಲಿ ನೋಡಿ ಬರೆದಿಟ್ಟವನು ಒಬ್ಬ ಸಂಗೀತದ ಮೇಷ್ಟ್ರು. ಹೆಸರು ವಿಲಿಯಂ ಹರ್ಷೆಲ್.

ಆತ ಹುಟ್ಟಿದ್ದು 1738ರ ನವೆಂಬರ್ 15ರಂದು, ಜರ್ಮನಿಯ ಹ್ಯಾನೋವರ್‌ನಲ್ಲಿ. ಅಪ್ಪ ಸೈನ್ಯದ ಬ್ಯಾಂಡಿನಲ್ಲಿ ಓಬೋ ಊದುತ್ತಿದ್ದ. ಅದು ನಮ್ಮ ಶಹನಾಯಿಯ ಜಾತಿಯ ವಾದ್ಯ. ಮಗನೂ ಅದೇ ಬ್ಯಾಂಡು ಸೇರಿದ. ಯುದ್ಧ ಶುರುವಾದಾಗ, 1757ರಲ್ಲಿ, ಇಂಗ್ಲೆಂಡಿಗೆ ಬಂದ. ಕೈಯಲ್ಲಿ ಡಿಗ್ರಿ ಇಲ್ಲ, ಇದ್ದದ್ದು ಸಂಗೀತ ಅಷ್ಟೇ. ಬಾತ್ ಪಟ್ಟಣದ ಚರ್ಚಿನಲ್ಲಿ ಆರ್ಗನ್ ನುಡಿಸುತ್ತ, ಮನೆಪಾಠ ಹೇಳುತ್ತ ಹೊಟ್ಟೆ ಹೊರೆದ. 1772ರಲ್ಲಿ ತಂಗಿ ಕ್ಯಾರೊಲಿನ್‌ಳನ್ನೂ ಹಾಡುಗಾರ್ತಿ ಮಾಡ್ತೀನಿ ಅಂತ ಕರೆಸಿಕೊಂಡ. ಆಕೆ ಬಂದ ಮರುವರ್ಷವೇ ಅಣ್ಣನಿಗೆ ದುರ್ಬೀನಿನ ಹುಚ್ಚು ಹಿಡಿಯಿತು.

ಕೊಳ್ಳಲು ಹಣವಿಲ್ಲ, ಹಾಗಾಗಿ ತಾನೇ ಮಾಡಲು ಕೂತ. ತಾಮ್ರ, ತವರ ಕೂಡಿಸಿ ಕರಗಿಸಿ, ಎರಕ ಹೊಯ್ದು, ಉಜ್ಜಿ ಉಜ್ಜಿ ಕನ್ನಡಿ ಮಾಡೋದು. ಪಾಲಿಶ್ ನಡುವೆ ಕೈ ತೆಗೆಯೋ ಹಾಗಿಲ್ಲ. ಒಮ್ಮೆ ಹದಿನಾರು ತಾಸು ಬಿಡದೆ ಉಜ್ಜಿದ. ಕ್ಯಾರೊಲಿನ್ ಪಕ್ಕದಲ್ಲಿ ನಿಂತು ತುತ್ತು ತಿನ್ನಿಸಿದಳು. ಎರಕದ ಅಚ್ಚಿಗೆ ಬೇಕಾದ ಕುದುರೆ ಲದ್ದಿಯನ್ನು ಕುಟ್ಟಿ ಜರಡಿ ಹಿಡಿದವಳೂ ಆಕೆಯೇ. 1781ರಲ್ಲಿ ದೊಡ್ಡ ಕನ್ನಡಿಯೊಂದರ ಎರಕ ಹೊಯ್ಯುವಾಗ ಕಾದ ಲೋಹ ಸೋರಿ, ನೆಲದ ಕಲ್ಲುಗಳು ಸಿಡಿದು, ಎಲ್ಲರೂ ಜೀವ ಉಳಿಸಿಕೊಂಡು ಓಡಿದರು. ನಮ್ಮ ವರ್ಕ್‌ಶಾಪ್ ಲ್ಯಾಬ್ ಇದರ ಮುಂದೆ ಏನೂ ಅಲ್ಲ.

ಅದೇ 1781ರ ಮಾರ್ಚ್ 13ರ ರಾತ್ರಿ ಮನೆಯ ಹಿತ್ತಲಿನಿಂದ ಆತ ಯುರೇನಸ್ ಕಂಡ. ಮೊದಲಿಗೆ ಧೂಮಕೇತು ಅಂದುಕೊಂಡಿದ್ದ. ರಾಜ ಮೂರನೇ ಜಾರ್ಜ್ ವರ್ಷಕ್ಕೆ 200 ಪೌಂಡ್ ಸಂಬಳ ಗೊತ್ತುಮಾಡಿದ, ಸಂಗೀತದ ಪಾಠ ನಿಂತಿತು. ಸಾಮಾನ್ಯವಾಗಿ ಹರ್ಷೆಲ್‌ನ ಕಥೆ ಇಲ್ಲಿಗೆ ಮುಗಿಯುತ್ತದೆ. ನಮಗೆ ಬೇಕಾದದ್ದು ಇಲ್ಲಿಂದ ಶುರು.

ಆ ಕಾಲಕ್ಕೆ ನೀಹಾರಿಕೆ ಅಂದ್ರೆ ಏನು ಅಂತ ಯಾರಿಗೂ ಖಚಿತವಿರಲಿಲ್ಲ. ಹರ್ಷೆಲ್ ನೋಡಿದ ಎಷ್ಟೋ ಮಬ್ಬುಗಳು ದೊಡ್ಡ ಕನ್ನಡಿಯಲ್ಲಿ ಬಿಡಿಬಿಡಿ ನಕ್ಷತ್ರಗಳಾಗಿ ಒಡೆದವು. ಹಾಗಾದರೆ ಎಲ್ಲ ನೀಹಾರಿಕೆಗಳೂ ದೂರದ ನಕ್ಷತ್ರಗಳ ಗುಂಪೇ, ಒಡೆಯದಿದ್ದರೆ ನಮ್ಮ ಕನ್ನಡಿ ಸಣ್ಣದು ಅಷ್ಟೇ ಅಂತ ತೀರ್ಮಾನಿಸಿದ. ಅದನ್ನೇ ಅಚ್ಚು ಹಾಕಿಸಿದ. 40 ಅಡಿ ಉದ್ದದ, 48 ಅಂಗುಲ ಕನ್ನಡಿಯ ದುರ್ಬೀನು 1789ರಲ್ಲಿ ಸಿದ್ಧವಾಯಿತು. ಆಗಿನ ಜಗತ್ತಿನಲ್ಲೇ ದೊಡ್ಡದು. ರಾತ್ರಿ ಅಣ್ಣ ಏಣಿ ಮೇಲೆ ನಿಂತು ಕೂಗಿ ಹೇಳೋದು, ತಂಗಿ ಕೆಳಗೆ ಕೂತು ಬರೆದುಕೊಳ್ಳೋದು. ಹೀಗೆ ಅವರು ಪಟ್ಟಿ ಮಾಡಿದ ನೀಹಾರಿಕೆ, ಗುಚ್ಛಗಳು ಒಟ್ಟು 2,500.

1790ರ ನವೆಂಬರ್ 13ರಂದು ವೃಷಭ ರಾಶಿಯಲ್ಲಿ ಒಂದು ನಕ್ಷತ್ರ ಕಂಡಿತು. ಸುತ್ತ ದುಂಡಗೆ ಮಬ್ಬು ಬೆಳಕು, ನಟ್ಟನಡುವೆ ಒಂದೇ ಒಂದು ಚುಕ್ಕಿ. ಮಬ್ಬು ದೂರದ ನಕ್ಷತ್ರಗಳ ಗುಂಪು ಅನ್ನೋದಾದರೆ ನಡುವಿನದು ಊಹಿಸಲಾಗದಷ್ಟು ದೈತ್ಯ ಆಗಬೇಕು. ನಡುವಿನದು ಮಾಮೂಲಿ ನಕ್ಷತ್ರ ಅನ್ನೋದಾದರೆ ಸುತ್ತಲಿನದು ನಕ್ಷತ್ರಗಳೇ ಅಲ್ಲ, ಹೊಳೆಯುವ ಬೇರೇನೋ ವಸ್ತು. ವರ್ಷಗಳ ದುಡಿಮೆ, ರಾಜನ ಹಣ, ಅಚ್ಚಾದ ಮಾತು ಎಲ್ಲ ಒಂದು ಕಡೆ. ಒಂದು ರಾತ್ರಿಯ ನೋಟ ಇನ್ನೊಂದು ಕಡೆ. ಹರ್ಷೆಲ್ ನೋಟದ ಕಡೆ ನಿಂತ. 1791ರಲ್ಲಿ ತನ್ನ ಹಳೇ ಉತ್ತರಕ್ಕೆ ತಾನೇ ಗೀಟು ಹಾಕಿ ಹೊಸ ಲೇಖನ ಬರೆದ.

ಮುಂದೆ 1811 ಮತ್ತು 1814ರಲ್ಲಿ ತನ್ನ ಪಟ್ಟಿಯನ್ನೇ ಸಾಲಾಗಿ ಜೋಡಿಸಿದ: ಮೊದಲು ಹರಡಿದ ಮಬ್ಬು, ಆಮೇಲೆ ನಡುವೆ ಗಟ್ಟಿಯಾದದ್ದು, ಕೊನೆಗೆ ನಕ್ಷತ್ರ. ಊರಲ್ಲಿ ಒಂದೇ ದಿನ ಓಡಾಡಿದರೂ ತೊಟ್ಟಿಲ ಕೂಸಿನಿಂದ ಕೋಲು ಹಿಡಿದ ಅಜ್ಜನ ತನಕ ಎಲ್ಲ ವಯಸ್ಸೂ ಕಣ್ಣಿಗೆ ಬೀಳ್ತದಲ್ಲ, ಹಾಗೆ. ಮೋಡವನ್ನು ಗುರುತ್ವವೇ ಒತ್ತಿ ನಕ್ಷತ್ರ ಮಾಡ್ತದೆ ಅಂದ. 1802ರಲ್ಲಿ ಪ್ಯಾರಿಸ್ಸಿಗೆ ಹೋದಾಗ ಲಾಪ್ಲಾಸ್‌ನನ್ನೂ ಭೇಟಿಯಾಗಿದ್ದ. ಹೌದು, ನಮ್ಮ ಗಣಿತದ ಪೇಪರಿನ ಅದೇ ಲಾಪ್ಲಾಸ್. ತಿರುಗುವ ಅನಿಲದ ಮೋಡ ಕುಗ್ಗಿ ಸೂರ್ಯ, ಗ್ರಹಗಳಾದವು ಅಂತ 1796ರಲ್ಲೇ ಬರೆದವನು.

ಇವತ್ತಿನ ಲೆಕ್ಕವೂ ಮೂಲದಲ್ಲಿ ಅದೇ. ಮೋಡದ ಬಹುಪಾಲು ಹೈಡ್ರೋಜನ್, ಹೀಲಿಯಂ. ಧೂಳು ತೂಕದಲ್ಲಿ ಶೇ. 1ರಷ್ಟು. ತಾಪ ಸುಮಾರು 10 ಕೆಲ್ವಿನ್. ಅಷ್ಟು ತಣ್ಣಗಿರುವುದರಿಂದ ಒಳಗಿನ ಒತ್ತಡ ಸೋತು ಗುರುತ್ವ ಗೆಲ್ಲುತ್ತದೆ, ಮೋಡ ಕುಸಿಯುತ್ತದೆ. ಕುಗ್ಗಿದಷ್ಟೂ ತಿರುಗುವ ವೇಗ ಜಾಸ್ತಿ. ಮೊದಲ ವರ್ಷದಲ್ಲಿ ಓದಿದ ಆಂಗ್ಯುಲರ್ ಮೊಮೆಂಟಮ್ ಇಲ್ಲೂ ಬಿಡೋದಿಲ್ಲ. ಹಾಗಾಗಿ ಎಲ್ಲವೂ ನಡುವಿಗೆ ಬೀಳದೆ, ಸುತ್ತ ರೊಟ್ಟಿಯಂಥ ಚಪ್ಪಟೆ ತಟ್ಟೆ ಉಳಿಯುತ್ತದೆ. ನಡುವಿನದು ಕಾದು ನಕ್ಷತ್ರವಾದರೆ, ತಟ್ಟೆಯ ಧೂಳು ಒಂದಕ್ಕೊಂದು ಅಂಟಿ ಹರಳು, ಬಂಡೆ, ಕೊನೆಗೆ ಗ್ರಹ. ಸುಮಾರು 460 ಕೋಟಿ ವರ್ಷದ ಹಿಂದೆ ನಮ್ಮ ಭೂಮಿ ಆದದ್ದೂ ಹೀಗೇ.

ಹರ್ಷೆಲ್ ಎಡವಿದ್ದೂ ಉಂಟು. ಮನಸ್ಸು ಬದಲಿಸಿದ ಆ ವೃಷಭದ ನಕ್ಷತ್ರ ಹುಟ್ಟುತ್ತಿರಲಿಲ್ಲ, ಸಾಯುತ್ತ ತನ್ನ ಅನಿಲವನ್ನು ಹೊರಚೆಲ್ಲುತ್ತಿತ್ತು. ಇನ್ನು ವೃಶ್ಚಿಕದ ಹತ್ತಿರ ಕಂಡ ಕಪ್ಪು ಜಾಗವನ್ನು ನಕ್ಷತ್ರಗಳೇ ಇಲ್ಲದ ತೂತು ಅಂದುಕೊಂಡ. ಅದು ತೂತಲ್ಲ, ಹಿಂದಿನ ಬೆಳಕನ್ನೆಲ್ಲ ತಡೆಯುವ ಧೂಳಿನ ಮೋಡ, ನಕ್ಷತ್ರಗಳ ಬಾಣಂತಿಕೋಣೆ. ಧೂಳಿನ ಒಳಗೆ ನೋಡಲು ಬೇಕಾದದ್ದು ಇನ್ಫ್ರಾರೆಡ್ ಕಿರಣ. 1800ರಲ್ಲಿ ಪಟ್ಟಕದ ಕೆಂಪು ಬಣ್ಣದ ಆಚೆ ಥರ್ಮಾಮೀಟರ್ ಇಟ್ಟು ಅದನ್ನು ಕಂಡುಹಿಡಿದವನೂ ಹರ್ಷೆಲ್ಲೇ! ಬೀಗ ಎದುರಿಗಿತ್ತು, ಕೀಲಿ ಕೈಯಲ್ಲೇ ಇತ್ತು. ಕೂಡಿಸಲು ಕಾಲ ಬರಬೇಕಿತ್ತು. 2009ರಲ್ಲಿ ಆತನ ಹೆಸರು ಹೊತ್ತು ಬಾಹ್ಯಾಕಾಶಕ್ಕೆ ಹೋದ ಯುರೋಪಿನ ಇನ್ಫ್ರಾರೆಡ್ ದೂರದರ್ಶಕ ಇಂಥ ಮೋಡಗಳ ಒಳಗಿನ ಎಳೆಗಳನ್ನು ತೋರಿಸಿತು.

ಹರ್ಷೆಲ್ 1822ರ ಆಗಸ್ಟ್ 25ರಂದು ತೀರಿಕೊಂಡ. ನಮ್ಮ ಸೀಮೆಗೆ ಬಂದದ್ದು ಆತನ ಮೊಮ್ಮಗ ಜಾನ್ ಹರ್ಷೆಲ್. ಸೈನ್ಯದ ಎಂಜಿನಿಯರು, ಭೂಮಾಪನದ ಲೆಫ್ಟಿನೆಂಟ್. 1868ರ ಆಗಸ್ಟ್ 18ರಂದು ಪೂರ್ಣ ಸೂರ್ಯಗ್ರಹಣದ ನೆರಳು ಜಮಖಂಡಿ, ವಿಜಯಪುರದ ಮೇಲೆ ಹಾಯಿತು. ಕೃಷ್ಣೆಯ ಈಚೆಗಿನ ಕಾಖಂಡಕಿಯೂ ಅದೇ ನೆರಳಿನಲ್ಲಿತ್ತು. ಜಮಖಂಡಿಯಲ್ಲಿ ಸ್ಪೆಕ್ಟ್ರೋಸ್ಕೋಪ್ ಹೂಡಿ ಕೂತಿದ್ದ ಜಾನ್‌ಗೆ ಮಳೆಗಾಲದ ಮೋಡ ಅಡ್ಡ. ಸಂದಿಯಲ್ಲಿ ಸಿಕ್ಕ ಕ್ಷಣಗಳಲ್ಲೇ ಸೂರ್ಯನ ಅಂಚಿನ ಜ್ವಾಲೆಯಲ್ಲಿ ಕೆಂಪು, ಕಿತ್ತಳೆ, ನೀಲಿ ಗೆರೆಗಳನ್ನು ಕಂಡ. ಬಿಡಿ ಗೆರೆ ಅಂದ್ರೆ ಕಾದ ಅನಿಲ. ಆಕಾಶದಲ್ಲಿ ಅನಿಲವನ್ನು ಗುರುತಿಸುವ ಇದೇ ವಿದ್ಯೆಯಿಂದ 1864ರಲ್ಲಿ ಹಗ್ಗಿನ್ಸ್ ನೀಹಾರಿಕೆಯೊಂದನ್ನು ಪರೀಕ್ಷಿಸಿದ್ದ. ಭಾರತದಿಂದ ಕಾಣುವ ದಕ್ಷಿಣದ ನೀಹಾರಿಕೆಗಳನ್ನು ಮೊಮ್ಮಗ ಪರೀಕ್ಷಿಸಿದ. ಹೊಳೆಯುವ ಬೇರೇನೋ ವಸ್ತು ಇದೆ ಅಂತ ಅಜ್ಜ ಅಂದದ್ದು ನಿಜವಾಗಿತ್ತು.

ಲ್ಯಾಬಿನಲ್ಲಿ ರೀಡಿಂಗ್ ತಪ್ಪು ಬಂದರೆ ನಾವು ಮೊದಲು ಮಾಡೋದು ಏನು? ಉತ್ತರಕ್ಕೆ ಹೊಂದೋ ಹಾಗೆ ರೀಡಿಂಗ್ ತಿದ್ದೋದು. ಮುಂದಿನ ಸಲ ಪೆನ್ನು ಎತ್ತುವಾಗ 1790ರ ಆ ಚಳಿ ರಾತ್ರಿಯನ್ನು ಒಂಚೂರು ನೆನೆಸಿಕೊಳ್ಳೋಣ. ರಜೆಗೆ ಊರಿಗೆ ಹೋದಾಗ ಮಾಳಿಗೆಯನ್ನೂ ಹತ್ತೋಣ. ಆ ಮಬ್ಬು ಅಲ್ಲೇ ಇದೆ.