ಕ್ಷಮೆಯ ನೆಲದಲ್ಲಿ ಸಭೆಯನ್ನು ಕಟ್ಟಿದ ದೊಡ್ಡಸ್ವಾಮಿ



ನಮ್ಮ ದೇವಾಲಯದ ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ, ಮೈಸೂರು ಸೀಮೆಯ ಧರ್ಮಸಭೆಗೆ ಮರುಜೀವ ತುಂಬಿದ ಅಬ್ಬೆ ದ್ಯುಬ್ವಾರವರನ್ನು ಸ್ಮರಿಸುವುದು ಯುಕ್ತವಾಗಿದೆ. ಜನರು ಅವರನ್ನು ದೊಡ್ಡಸ್ವಾಮಿಯೆಂದು ಪ್ರೀತಿಯಿಂದ ಕರೆಯುತ್ತಿದ್ದರು.

1765ರಲ್ಲಿ ಫ್ರಾನ್ಸ್ ದೇಶದಲ್ಲಿ ಜನಿಸಿದ ಅವರು 1792ರಲ್ಲಿ ಗುರುದೀಕ್ಷೆ ಪಡೆದರು. ಅದು ಮಹಾಕ್ರಾಂತಿಯ ಕಾಲ. ಅಲ್ಲಿ ಗುರುಗಳ ಪ್ರಾಣಕ್ಕೇ ಸಂಚಕಾರವಿತ್ತು. ಅದೇ ವರ್ಷ ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಯ ಪ್ರೇಷಿತರಾಗಿ ಭಾರತಕ್ಕೆ ಹೊರಟರು. ಇಲ್ಲಿನವರ ಉಡುಗೆಯುಟ್ಟು, ಇಲ್ಲಿನ ನಡೆನುಡಿಗಳನ್ನು ಕಲಿತು, ಜನರ ನಡುವೆಯೇ ಬಾಳಿದರು.

1784ರಲ್ಲಿ ಕೆನರಾ ಕರಾವಳಿಯ ಸಾವಿರಾರು ಕಥೋಲಿಕರು ಟಿಪ್ಪು ಸುಲ್ತಾನನ ಆಜ್ಞೆಯಂತೆ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟಿದ್ದರು. ಅನೇಕರು ಮಡಿದರು, ಅನೇಕರು ಬಲಾತ್ಕಾರದಿಂದ ಮತಾಂತರಗೊಂಡರು. 1799ರ ಮೇ 4ರಂದು ಪಟ್ಟಣವು ಪತನವಾದ ಬಳಿಕ, ಚದುರಿಹೋಗಿದ್ದ ಕ್ರೈಸ್ತರನ್ನು ಒಂದುಗೂಡಿಸುವ ಭಾರ ದ್ಯುಬ್ವಾರವರ ಮೇಲೆ ಬಿತ್ತು.

ಎಂತಹ ಕಠಿಣ ಕಾರ್ಯ! ಹಿಂಸೆಗೊಳಗಾದವರಲ್ಲಿ ಹಿಂಸಿಸಿದವರ ಮೇಲಿನ ಕಹಿ ಒಂದು ಕಡೆ. ದೃಢವಾಗಿ ನಿಂತವರು ಸೋತವರನ್ನು ಹಳಿಯುವ ಅಪಾಯ ಇನ್ನೊಂದು ಕಡೆ. ಸೋತವನು ತನ್ನನ್ನೇ ಕ್ಷಮಿಸಲಾರದ ಸಂಕಟ ಮತ್ತೊಂದು ಕಡೆ. ಈ ಮೂರನ್ನೂ ಗುಣಪಡಿಸುವ ಮದ್ದು ಕ್ಷಮೆಯೊಂದೇ. ದಾರಿ ತಪ್ಪಿಸಲ್ಪಟ್ಟವರಿಗೆ ಧರ್ಮಸಭೆಯ ಬಾಗಿಲು ಮತ್ತೆ ತೆರೆಯಿತು.

ಮನಸ್ಸು ಹಳೆಯ ಗಾಯವನ್ನು ಕೆರೆಯದಿರಬೇಕಾದರೆ ಕೈಗೆ ಕೆಲಸ ಬೇಕು, ನಾಳೆಯ ಮೇಲೆ ಭರವಸೆ ಬೇಕು. ದ್ಯುಬ್ವಾರವರು ಹಾಸನದ ಬಳಿ ಕ್ರೈಸ್ತರಿಗಾಗಿ ಬೇಸಾಯದ ನೆಲೆಯನ್ನು ಸ್ಥಾಪಿಸಿದರು. ಸಿಡುಬು ಜನರನ್ನು ಬಲಿ ತೆಗೆದುಕೊಳ್ಳುತ್ತಿದ್ದಾಗ, 1803-04ರ ಅವಧಿಯಲ್ಲಿ 25,432 ಜನರಿಗೆ ದೇವಿ ಹಾಕಿಸಿದರು. ತಮ್ಮ ಪ್ರೇಷಿತಕಾರ್ಯದಲ್ಲಿ ಅವರು ನಿರಾಶೆಯನ್ನೂ ಉಂಡರು. 1823ರಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ ಅದನ್ನು ಮುಚ್ಚಿಡಲಿಲ್ಲ. ಆದರೂ ಮೂವತ್ತು ವರ್ಷ ಈ ಜನರ ಸೇವೆಯನ್ನು ಬಿಡಲಿಲ್ಲ. 1823ರಲ್ಲಿ ಸ್ವದೇಶಕ್ಕೆ ಮರಳಿ, 1848ರಲ್ಲಿ ಪ್ಯಾರಿಸ್ಸಿನಲ್ಲಿ ದೈವಾಧೀನರಾದರು.

ಪ್ರಿಯ ಬಾಂಧವರೇ, ನಮ್ಮ ತೆಂಗಿನ ಸೀಮೆಯಲ್ಲಿ ಅಟ್ಟಕ್ಕೇರಿಸಿದ ಕಾಯಿ ಹಲವು ತಿಂಗಳು ಕಳೆದರೆ ಕೊಬ್ಬರಿಯಾಗುತ್ತದೆ. ಮನಸ್ಸಿನ ಅಟ್ಟದಲ್ಲಿ ಕೂಡಿಟ್ಟ ಹಗೆಯಾದರೋ ವರ್ಷ ಕಳೆದಷ್ಟೂ ವಿಷವಾಗುತ್ತದೆ. ತೋಟದ ಬದುವಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರು, ಆಸ್ತಿಯ ಪಾಲಿಗಾಗಿ ಮುನಿದ ಅಕ್ಕತಂಗಿಯರು ನಮ್ಮಲ್ಲಿಲ್ಲವೇ? ಕ್ಷಮಿಸುವುದೆಂದರೆ ಅನ್ಯಾಯವನ್ನು ನ್ಯಾಯವೆನ್ನುವುದಲ್ಲ. ಸಲ್ಲಬೇಕಾದ ಹಕ್ಕನ್ನು ಶಾಂತವಾಗಿ ಕೇಳಬಹುದು, ಸೇಡನ್ನು ಮಾತ್ರ ದೇವರ ಪಾದದಲ್ಲಿ ಇಟ್ಟುಬಿಡಬೇಕು. ಪೂರ್ವಿಕರು ಪಟ್ಟ ನೋವಿಗಾಗಿ ಇಂದಿನ ನೆರೆಹೊರೆಯವರನ್ನು ದ್ವೇಷಿಸುವುದೂ ನಮಗೆ ತಕ್ಕುದಲ್ಲ.

ಮೊದಲು ನಿಮ್ಮ ನೋವನ್ನು ಮರೆಮಾಚದೆ ಪ್ರಭುವಿಗೆ ಹೇಳಿರಿ. ನೋಯಿಸಿದವರ ಹೆಸರೆತ್ತಿ ದಿನಕ್ಕೊಮ್ಮೆ ಪ್ರಾರ್ಥಿಸಿರಿ. ಪಾಪನಿವೇದನೆಯ ಕೃಪೆಯನ್ನು ಪಡೆಯಿರಿ. ಬಳಿಕ ಅವರ ಹೊಸ್ತಿಲ ತನಕ ನಡೆದು, ಮೊದಲ ನಮಸ್ಕಾರವನ್ನು ನೀವೇ ಮಾಡಿರಿ. ಶಿಲುಬೆಯ ಮೇಲಿಂದಲೇ ತನ್ನನ್ನು ಕೊಂದವರಿಗಾಗಿ ತಂದೆಯನ್ನು ಬೇಡಿಕೊಂಡ ಪ್ರಭು ಯೇಸು ಆ ಹೆಜ್ಜೆಗೆ ಬಲವನ್ನು ಕರುಣಿಸಲಿ.