ಎಡ್ವಿನ್ ಜಾನ್ ಬಟ್ಲರ್

ಸರ್ ಎಡ್ವಿನ್ ಜಾನ್ ಬಟ್ಲರ್ (೧೩ ಆಗಸ್ಟ್ ೧೮೭೪ – ೪ ಏಪ್ರಿಲ್ ೧೯೪೩) ಐರ್ಲೆಂಡಿನಲ್ಲಿ ಜನಿಸಿದ ಶಿಲೀಂಧ್ರ ವಿಜ್ಞಾನಿ ಹಾಗೂ ಸಸ್ಯರೋಗ ತಜ್ಞರು. ಸುಮಾರು ಎರಡು ದಶಕ ಭಾರತದಲ್ಲಿದ್ದು, ಇಲ್ಲಿನ ಬೆಳೆಗಳ ರೋಗಗಳನ್ನು ಕ್ರಮಬದ್ಧವಾಗಿ ಅಧ್ಯಯನ ಮಾಡಿದ ಇವರನ್ನು ಭಾರತೀಯ ಸಸ್ಯರೋಗಶಾಸ್ತ್ರದ ಪಿತಾಮಹರೆಂದು ಕರೆಯುವುದುಂಟು.

ಜನನ ಮತ್ತು ಶಿಕ್ಷಣ

ಬಟ್ಲರ್ ಅವರು ಕ್ಲೇರ್ ಕೌಂಟಿಯ ಕಿಲ್ಕೀ ಎಂಬಲ್ಲಿ ಹುಟ್ಟಿದರು. ಕಾರ್ಕ್ ನಗರದ ಕ್ವೀನ್ಸ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ ೧೮೯೮ರಲ್ಲಿ ವೈದ್ಯಕೀಯ ಪದವಿ ಪಡೆದರೂ ಅವರ ಮನಸ್ಸು ಒಲಿದದ್ದು ನೀರಿನಲ್ಲಿಯೂ ತೇವದ ಮಣ್ಣಿನಲ್ಲಿಯೂ ಬೆಳೆಯುವ ಸೂಕ್ಷ್ಮ ಶಿಲೀಂಧ್ರಗಳ ಕಡೆಗೆ. ಪ್ಯಾರಿಸ್, ಫ್ರೈಬರ್ಗ್ ಮತ್ತು ಕ್ಯೂ ಉದ್ಯಾನಗಳಲ್ಲಿ ಅಧ್ಯಯನವನ್ನು ಮುಂದುವರಿಸಿದರು.

ಭಾರತದಲ್ಲಿ

೧೯೦೧ರಲ್ಲಿ ಭಾರತ ಸರ್ಕಾರದ ಸೇವೆಗೆ ಸೇರಿ ಕಲ್ಕತ್ತೆಗೆ ಬಂದರು. ಮುಂದೆ ಡೆಹ್ರಾಡೂನಿನಲ್ಲಿದ್ದು, ೧೯೦೫ರಿಂದ ಬಿಹಾರದ ಪೂಸಾ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಇಂಪೀರಿಯಲ್ ಮೈಕಾಲಜಿಸ್ಟ್ ಹುದ್ದೆಯನ್ನು ನಿರ್ವಹಿಸಿದರು. ಕಬ್ಬಿನ ಕೆಂಪು ಕೊಳೆ ರೋಗ, ಗೋದಾವರಿ ತೀರದ ತಾಳೆ ಮರಗಳ ಸುಳಿ ಕೊಳೆ ರೋಗ, ಅಡಿಕೆಯ ಕೊಳೆರೋಗ ಇವೆಲ್ಲವೂ ಅವರ ಪರಿಶೀಲನೆಗೆ ಒಳಪಟ್ಟವು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಮೈಸೂರು ಸಂಸ್ಥಾನದಲ್ಲಿ ಬಳಕೆಗೆ ತಂದ ಕೀರ್ತಿ ಲೆಸ್ಲಿ ಕೋಲ್ಮನ್ ಅವರದು. ಬಂಗಾಳದ ಭತ್ತದ ಗದ್ದೆಗಳನ್ನು ಹಾಳುಗೆಡವುತ್ತಿದ್ದ ಉಫ್ರಾ ರೋಗಕ್ಕೆ ಶಿಲೀಂಧ್ರವಲ್ಲ, ಒಂದು ಜಂತುಹುಳುವೇ ಕಾರಣವೆಂದು ತೋರಿಸಿದವರೂ ಬಟ್ಲರ್. ಶಿಲೀಂಧ್ರವನ್ನೇ ಹುಡುಕಲು ನೇಮಕಗೊಂಡವರು ಹೀಗೆ ಬೇರೆ ಕಾರಣವನ್ನು ಕಂಡುಕೊಂಡದ್ದು ಗಮನಾರ್ಹ.

ದ್ವಿದಳ ಧಾನ್ಯಗಳ ರೋಗಗಳು

ತೊಗರಿಯ ಸೊರಗು ರೋಗವನ್ನು ಕುರಿತ ಅವರ ಪ್ರಬಂಧ ೧೯೧೦ರಲ್ಲಿ ಪ್ರಕಟವಾಯಿತು. ರೋಗಾಣು ಮಣ್ಣಿನಲ್ಲಿ ಉಳಿದು, ಬೇರಿನ ಮೂಲಕ ಗಿಡವನ್ನು ಹೊಕ್ಕು, ನೀರು ಸಾಗುವ ನಾಳಗಳನ್ನು ಮುಚ್ಚುತ್ತದೆ. ಆದ್ದರಿಂದಲೇ ಹೊಲದಲ್ಲಿ ತೇವವಿದ್ದರೂ ಗಿಡ ಬಾಡುತ್ತದೆ. ಈ ಶಿಲೀಂಧ್ರದ ಫ್ಯುಸೇರಿಯಮ್ ಯುಡಮ್ ಎಂಬ ಶಾಸ್ತ್ರೀಯ ನಾಮದೊಡನೆ ಬಟ್ಲರ್ ಅವರ ಹೆಸರು ಇಂದಿಗೂ ಸೇರಿದೆ.

ಕಡಲೆಯ ಅಂಗಮಾರಿ ರೋಗವು ೧೯೧೧ರಲ್ಲಿ ವಾಯವ್ಯ ಗಡಿ ಪ್ರಾಂತ್ಯದಲ್ಲಿ ಕಂಡುಬಂದುದನ್ನು ಅವರು ೧೯೧೮ರ ತಮ್ಮ ಗ್ರಂಥದಲ್ಲಿ ದಾಖಲಿಸಿದರು. ಕಡಲೆಯ ಸೊರಗು ರೋಗದ ಪ್ರಸ್ತಾಪವೂ ಅದರಲ್ಲಿದೆ. ಅವರ ನಂತರದ ಸಂಶೋಧಕರು ಈ ಎರಡು ರೋಗಗಳ ಸ್ವಭಾವ ಪರಸ್ಪರ ವಿರುದ್ಧವಾದುದೆಂದು ಕಂಡುಕೊಂಡರು. ಸೊರಗು ರೋಗಕ್ಕೆ ಬೆಚ್ಚನೆಯ ಮಣ್ಣು ಅನುಕೂಲ. ಅಂಗಮಾರಿಗೆ ತಂಪು ಹವೆ ಮತ್ತು ಎಡೆಬಿಡದ ಮಳೆ. ಉತ್ತರ ಭಾರತದಲ್ಲಿ ಮಣ್ಣಿನ ಕಾವು ಇಳಿಯುವ ಮುನ್ನವೇ ಬಿತ್ತಿದರೆ ಎಳೆಯ ಸಸಿಗಳು ಸೊರಗುತ್ತವೆ. ಬಿತ್ತನೆಯನ್ನು ಮುಂದೂಡಿದರೆ ಈ ಹಾನಿ ತಗ್ಗುತ್ತದೆ. ಆದರೆ ತೀರ ತಡವಾದಲ್ಲಿ ಕಾಯಿ ಕಟ್ಟುವ ಕಾಲಕ್ಕೆ ಬಿಸಿಲು ಏರಿ, ತೇವ ಆರಿ, ಇಳುವರಿ ಕುಸಿಯುತ್ತದೆ. ಮೆಡಿಟರೇನಿಯನ್ ಸೀಮೆಯ ರೈತರು ಚಳಿಗಾಲದ ಮಳೆಯೊಡನೆ ಬರುವ ಅಂಗಮಾರಿಗೆ ಅಂಜಿ ವಸಂತದಲ್ಲಿ ಬಿತ್ತುವ ರೂಢಿಯನ್ನು ಇಟ್ಟುಕೊಂಡರು. ರೋಗ ತಪ್ಪಿದರೂ ಫಸಲು ಕಡಿಮೆಯಾಯಿತು. ಹಿಂಗಾರಿನಲ್ಲಿ ಕಪ್ಪು ಭೂಮಿಯ ತೇವವನ್ನೇ ನಂಬಿ ಬಿತ್ತುವ ಉತ್ತರ ಕರ್ನಾಟಕದ ಕಡಲೆಗೆ ಸೊರಗು ರೋಗವೇ ಹೆಚ್ಚಿನ ತೊಡಕು. ಅಲ್ಲಿ ತೇವ ಕಾಯುವುದಿಲ್ಲವಾದ್ದರಿಂದ ಬಿತ್ತನೆಯನ್ನು ಹಿಂದೂಡಲು ಅವಕಾಶ ಕಡಿಮೆ. ರೋಗನಿರೋಧಕ ತಳಿಗಳಿಗೂ ಬೀಜೋಪಚಾರಕ್ಕೂ ಆದ್ಯತೆ ಬಂದಿದೆ.

ಕೃತಿಗಳು ಮತ್ತು ಕೊನೆಯ ವರ್ಷಗಳು

ಮೇಲೆ ಹೇಳಿದ ೧೯೧೮ರ ಗ್ರಂಥ 'ಫಂಗೈ ಅಂಡ್ ಡಿಸೀಸ್ ಇನ್ ಪ್ಲಾಂಟ್ಸ್' ಬಹುಕಾಲ ವಿದ್ಯಾರ್ಥಿಗಳಿಗೆ ಆಧಾರವಾಗಿತ್ತು. ೧೯೨೦ರಲ್ಲಿ ಕ್ಯೂನಲ್ಲಿ ಆರಂಭವಾದ ಇಂಪೀರಿಯಲ್ ಬ್ಯೂರೋ ಆಫ್ ಮೈಕಾಲಜಿಗೆ ಮೊದಲ ನಿರ್ದೇಶಕರಾಗಿ ೧೯೩೫ರವರೆಗೆ ಸೇವೆ ಸಲ್ಲಿಸಿದರು. ೧೯೨೬ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ದೊರೆಯಿತು. ಜಿ. ಆರ್. ಬಿಸ್ಬಿ ಅವರೊಡನೆ ೧೯೩೧ರಲ್ಲಿ ಭಾರತದ ಶಿಲೀಂಧ್ರಗಳ ಪಟ್ಟಿಯನ್ನು ಪ್ರಕಟಿಸಿದರು. ೧೯೩೯ರಲ್ಲಿ ಸರ್ ಪದವಿ ಸಂದಿತು. ಎಸ್. ಜಿ. ಜೋನ್ಸ್ ಅವರೊಡನೆ ಸಿದ್ಧಪಡಿಸಿದ ಸಸ್ಯರೋಗಶಾಸ್ತ್ರದ ಬೃಹತ್ ಗ್ರಂಥವು ಅವರ ನಿಧನಾನಂತರ, ೧೯೪೯ರಲ್ಲಿ, ಹೊರಬಂದಿತು.