ಪಿಸುದನಿಯ ಕರೆ

ಉಪಾಧ್ಯಾಯ ವೃತ್ತಿಯ ಮೊದಲ ವರ್ಷಗಳಲ್ಲಿ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಅವನಿಗೆ ನಡೆಯೂ ತಡ, ಮಾತೂ ತಡ. ಉಳಿದವರು ಆಟಕ್ಕೆ ಹೊರಟಾಗ ಅವನ ಕೈಗೆ ಸ್ಲೇಟು ಬಳಪ ಕೊಟ್ಟು ಬಾಗಿಲ ಬಳಿ ಕೂರಿಸುತ್ತಿದ್ದೆ. ಅದನ್ನು ಕರುಣೆಯೆಂದೇ ನಾನು ತಿಳಿದಿದ್ದೆ. ಮರಿಯಾ ಮಾಂಟೆಸ್ಸೋರಿಯವರ ಜೀವನವನ್ನು ಓದಿದ ಮೇಲೆ ಆ ಕರುಣೆಗಾಗಿ ನಾಚಿದೆ.

1870ರಲ್ಲಿ ಇಟಲಿಯಲ್ಲಿ ಜನಿಸಿದ ಆಕೆ 1896ರಲ್ಲಿ ರೋಮ್ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದರು. ಮಾನಸಿಕ ಚಿಕಿತ್ಸಾಲಯದ ಸಹಾಯಕಿಯಾಗಿ ಹುಚ್ಚಾಸ್ಪತ್ರೆಗಳಿಗೆ ಹೋಗಿಬರುತ್ತಿದ್ದಾಗ, ಮಂದಮತಿಗಳೆಂಬ ಹೆಸರು ಹೊತ್ತ ಮಕ್ಕಳನ್ನು ಅಲ್ಲಿ ಕೂಡಿಹಾಕಿದ್ದನ್ನು ಕಂಡರು. ಸುತ್ತ ಬರಿಯ ಗೋಡೆ. ಕೈಗೆತ್ತಿಕೊಳ್ಳಲು ಒಂದು ವಸ್ತುವೂ ಇಲ್ಲ. ಊಟವಾದೊಡನೆ ಮಕ್ಕಳು ನೆಲದ ಮೇಲಿನ ರೊಟ್ಟಿಯ ಚೂರುಗಳನ್ನು ಆಯುತ್ತಿದ್ದರಂತೆ. ಕಾವಲಿನಾಕೆಗೆ ಅದು ಹೇಸಿಗೆ. ಮರಿಯಾ ಅದರಲ್ಲಿ ಕಂಡದ್ದು ಕೈಗಳ ಹಸಿವನ್ನು.

ಈ ಮಕ್ಕಳಿಗೆ ಔಷಧಕ್ಕಿಂತ ಶಿಕ್ಷಣವೇ ಮುಖ್ಯವೆಂದು 1898ರಲ್ಲಿ ಟ್ಯೂರಿನ್ನಿನ ಸಮ್ಮೇಳನದಲ್ಲಿ ಆಕೆ ವಾದಿಸಿದರು. 1900ರಲ್ಲಿ ರೋಮಿನಲ್ಲಿ ಅವರಿಗಾಗಿಯೇ ಒಂದು ಶಾಲೆ ತೆರೆಯಿತು. ಹಗಲೆಲ್ಲ ಮಕ್ಕಳೊಡನೆ ಕಳೆದರು. ಫ್ರಾನ್ಸಿನ ಸೆಗ್ಯಾಂ ಅವರ ಗ್ರಂಥವನ್ನು ಇಟಾಲಿಯನ್ ಭಾಷೆಗೆ ತಂದು ಸ್ವಂತ ಕೈಯಿಂದ ಬರೆದುಕೊಂಡರು. ಅವರ ಶಿಷ್ಯರಲ್ಲಿ ಕೆಲವರು ಸಾಮಾನ್ಯ ಮಕ್ಕಳ ಪರೀಕ್ಷೆಯಲ್ಲೇ ತೇರ್ಗಡೆಯಾದರು. ಜನ ಬೆರಗಾದರು. ಆಕೆಯನ್ನು ಕಾಡಿದ ಪ್ರಶ್ನೆ ಬೇರೆ: ಹಾಗಾದರೆ ಆರೋಗ್ಯವಂತ ಮಕ್ಕಳನ್ನು ತುಳಿದಿಟ್ಟಿರುವುದು ಯಾವುದು?

ಅದಕ್ಕೆ ಉತ್ತರ ಹುಡುಕುತ್ತ 1907ರಲ್ಲಿ ಸ್ಯಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ಮಕ್ಕಳ ಮನೆಯನ್ನು ಆರಂಭಿಸಿದರು. ಹಿಂದುಳಿದವರಿಂದ ಕಲಿತುದನ್ನು ಎಲ್ಲರಿಗೂ ಹಂಚಿದರು. ಅಲ್ಲಿ ಹುಟ್ಟಿದ ಮೌನದ ಆಟ ನನ್ನನ್ನು ಸೆರೆಹಿಡಿಯಿತು. ಒಂದು ದಿನ ನಾಲ್ಕು ತಿಂಗಳ ಕೂಸನ್ನು ಎತ್ತಿ ತಂದು, ಅದರಷ್ಟು ನಿಶ್ಚಲವಾಗಿ ಕೂರಬಲ್ಲಿರಾ ಎಂದು ಮಕ್ಕಳನ್ನು ಕೇಳಿದರಂತೆ. ಕೊಠಡಿಯೆಲ್ಲ ನಿಶ್ಶಬ್ದವಾಯಿತು. ಮುಂದೆ ಆ ಆಟದಲ್ಲಿ, ಮರೆಯಿಂದ ಪಿಸುದನಿಯಲ್ಲಿ ಒಬ್ಬೊಬ್ಬರ ಹೆಸರನ್ನು ಕರೆದರೆ ಆ ಮಗು ಸದ್ದಿಲ್ಲದೆ ಎದ್ದು ಬರಬೇಕಾಗಿತ್ತು.

ಇಲ್ಲಿ ಓಡಿ ಗೆಲ್ಲುವವರಿಲ್ಲ, ಹಿಂದೆ ಬಿದ್ದು ಸೋಲುವವರೂ ಇಲ್ಲ. ಬೆಳವಣಿಗೆ ತಡವಾದ ಮಗುವಿಗೆ ಬೇಕಾದುದೆಲ್ಲ ಇಲ್ಲಿದೆ: ಜೊತೆಯವರನ್ನು ನೋಡಿ ಕಲಿಯುವುದು, ಸರದಿಗಾಗಿ ಕಾಯುವುದು, ಕಿವಿಗೊಡುವುದು. ಎಲ್ಲಕ್ಕೂ ಮಿಗಿಲಾಗಿ, ತನ್ನ ಹೆಸರೂ ಬರುವುದೆಂಬ ಭರವಸೆ.

1939ರಲ್ಲಿ ಮದರಾಸಿಗೆ ಬಂದ ಆಕೆ, ಯುದ್ಧದ ಕಾರಣ 1946ರವರೆಗೂ ಭಾರತದಲ್ಲೇ ಉಳಿದು ಇಲ್ಲಿನ ಉಪಾಧ್ಯಾಯರನ್ನು ತರಬೇತುಗೊಳಿಸಿದರು. 1952ರಲ್ಲಿ ಹಾಲೆಂಡಿನಲ್ಲಿ ತೀರಿಕೊಂಡರು.

ಬಾಗಿಲ ಬಳಿಯ ಆ ಹುಡುಗನ ಹೆಸರನ್ನು ನಾನೂ ದಿನವೂ ಕರೆಯುತ್ತಿದ್ದೆ. ಆದರೆ ಹಾಜರಿಗೆ ಮಾತ್ರ. ಆಟಕ್ಕೆ ಒಮ್ಮೆಯೂ ಕರೆಯಲಿಲ್ಲ.